ಕೇಳದೆ ನೀರು ಬರುವ ಮನೆ

ಪುಣೆ, ರವಿವಾರ ಪೇಠ
೧೮ ನವೆಂಬರ್ ೧೯೩೬

ಅಕ್ಕನಿಗೆ ತಮ್ಮ ಶಿವಪುತ್ರಪ್ಪನ ಶರಣು.

ದೀಪಾವಳಿಯ ಗದ್ದಲ ಮುಗಿಯಿತು. ಸೀರೆ ಬಿಚ್ಚಿ, ಹರವಿ, ಮಡಚಿ ನನ್ನ ಬೆರಳ ತುದಿ ಸವೆದಿವೆ. ನೀನು ಬೈಲಹೊಂಗಲದ ಶಾಲೆಯಲ್ಲಿ ಹುಡುಗಿಯರಿಗೆ ಮಗ್ಗಿ ಹೇಳಿಸುತ್ತಿರುವಾಗ ನಿನ್ನ ತಮ್ಮ ಇಲ್ಲಿ ಅಂಗಡಿಯ ಗಾದಿಯ ಮೇಲೆ ಕೂತೇ ಒಂದು ದೊಡ್ಡ ಕೆಲಸ ಮಾಡಿದ್ದಾನೆ. ನಿನ್ನ ಮಗಳಿಗೆ ಮನೆ ನೋಡಿದ್ದಾನೆ.

ಅಕ್ಕಲಕೋಟೆ ಕಡೆಯ ನಮ್ಮವರೇ. ಎರಡು ತಲೆಮಾರಿನಿಂದ ಇಲ್ಲಿಯ ಭವಾನಿ ಪೇಠದಲ್ಲಿ ಬೆಲ್ಲದ ವ್ಯಾಪಾರ. ವರನ ಹೆಸರು ನಿಜಲಿಂಗಪ್ಪ, ಮೂವತ್ತೊಂದು ವರ್ಷ. ಮೊದಲ ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡಳು, ಮಕ್ಕಳಿಲ್ಲ. ಮನೆಯಲ್ಲಿ ತಾಯಿ ಕಲ್ಲವ್ವ, ತಮ್ಮ ಮಲಕಪ್ಪ, ಇಷ್ಟೇ ಜನ. ಎರಡನೆಯ ಸಂಬಂಧವೆಂದು ಈಗಲೇ ಮೂಗು ಮುರಿಯಬೇಡ, ಪೂರ್ತಿ ಓದು.

ನನ್ನ ಕಸುಬು ನಿನಗೆ ಗೊತ್ತು. ಗಿರಾಕಿ ಬಾಯಿ ಬಿಡುವ ಮೊದಲೇ ಅವಳಿಗೆ ಯಾವ ಸೀರೆ ಬೇಕೆಂದು ಹೇಳಬಲ್ಲೆ. ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಕಡಿಮೆ. ಸೀರೆಯ ಮೇಲೆ ಕೈ ಇಟ್ಟವಳು ಯಾರ ಮುಖ ನೋಡುತ್ತಾಳೆ ಎಂಬುದರ ಮೇಲೆ ನನ್ನ ಕಣ್ಣು. ಹಬ್ಬಕ್ಕೆ ಈ ಮೂವರೂ ಅಂಗಡಿಗೆ ಬಂದಿದ್ದರು. ಕಲ್ಲವ್ವನವರು ಹಸಿರು ಇಳಕಲ್ ಸೀರೆಯ ಮೇಲೆ ಕೈಯಾಡಿಸುತ್ತ ಒಮ್ಮೆ ದೊಡ್ಡ ಮಗನ ಕಡೆ ನೋಡಿದರು. ಆತ ತುಟಿ ಪಿಟ್ಟೆನ್ನಲಿಲ್ಲ, ಹುಬ್ಬು ಕೂಡ ಅಲುಗಲಿಲ್ಲ. ಆ ತಾಯಿ ಹಸಿರನ್ನು ಸರಿಸಿ ನೇರಳೆ ಬಣ್ಣದ್ದನ್ನು ಎತ್ತಿಕೊಂಡರು. ಮಗನ ಮುಖ ಅರಳಿತು. ತಾಯಿ ಮಗನ ನಡುವೆ ಇಂಥ ಹೊಂದಾಣಿಕೆ ನಾನು ಈ ಗಾದಿಯ ಮೇಲೆ ಕಂಡಿಲ್ಲ.

ಮರುದಿನ ಊಟಕ್ಕೆ ಕರೆದರು. ಅಕ್ಕಾ, ಆ ಮನೆಯಲ್ಲಿ ಯಾರೂ ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ನಿಜಲಿಂಗಪ್ಪನವರ ಕೈ ಚಲಿಸುವ ಮೊದಲೇ ನೀರಿನ ತಂಬಿಗೆ ಪಕ್ಕಕ್ಕೆ ಬಂದಿರುತ್ತದೆ. ಬಿಸಿಲು ಅವರ ಕಣ್ಣಿಗೆ ತಾಗುವ ಮೊದಲೇ ತಮ್ಮ ಎದ್ದು ಕಿಟಕಿ ಮುಚ್ಚುತ್ತಾನೆ. ಕೆಳಗೆ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಮಗ ಯಾವ ಮನಸ್ಸಿನಲ್ಲಿ ಬಂದಿದ್ದಾನೆಂದು ಕಲ್ಲವ್ವನವರಿಗೆ ಗೊತ್ತಾಗುತ್ತದಂತೆ. ಒಬ್ಬರ ಮನಸ್ಸನ್ನು ಇನ್ನೊಬ್ಬರು ಇಷ್ಟು ಓದಬೇಕಾದರೆ ಎಷ್ಟು ಪ್ರೀತಿ ಇರಬೇಕು ನೋಡು.

ನಮ್ಮ ಸಾವಂತ್ರಿಯೋ, ಎದುರಿಗೇ ಹಾಲು ಉಕ್ಕಿದರೂ ಹಾಡು ಗುನುಗುತ್ತ ಕೂಡುವ ಹುಡುಗಿ. ಅಲ್ಲಿ ಹೋಗಿ ಸ್ವಲ್ಪ ಕಲಿಯಲಿ. ಬೇಗ ಉತ್ತರ ಬರೆ.

ಶಿವಪುತ್ರ


ಬೈಲಹೊಂಗಲ
೨೭ ನವೆಂಬರ್ ೧೯೩೬

ಚಿ. ಶಿವಪುತ್ರನಿಗೆ ಅಕ್ಕ ಚನ್ನಬಸವ್ವನ ಆಶೀರ್ವಾದ.

ನಿನ್ನ ಪತ್ರ ಎರಡು ಸಲ ಓದಿದೆ. ಮಗಳಿಗೆ ಹದಿನೇಳು ತುಂಬಿತು. ಶಾಲೆಯಲ್ಲಿ ಕಲಿಸುವ ವಿಧವೆ ಬಾಯಿಯ ಮಗಳನ್ನು ಕೇಳಿಕೊಂಡು ಬರುವವರು ಕಡಿಮೆ. ಅದಕ್ಕೇ ನಾನು ಬೇಡ ಎನ್ನುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ.

ಆ ಮನೆಯಲ್ಲಿ ಯಾರಾದರೂ ನಕ್ಕಿದ್ದನ್ನು ಕೇಳಿದೆಯಾ? ತಾಯಿ ಮಗನನ್ನು ಒಮ್ಮೆಯಾದರೂ ಗದರಿದರಾ? ತಮ್ಮ ಅಣ್ಣನಿಗೆ ಎದುರು ಮಾತಾಡಿದನಾ? ಮೊದಲಿನವಳು ಏನಾಗಿ ಹೋದಳು?

ಯಾಕೆ ಕೇಳುತ್ತೇನೆಂದರೆ, ನಮ್ಮ ಶಾಲೆಯಲ್ಲಿ ಮೂರನೆಯ ಇಯತ್ತೆಯ ಹುಡುಗಿಯರು ಸಂತೆಯಂತೆ ಗಲಾಟೆ ಮಾಡುತ್ತಾರೆ. ನಾಲ್ಕನೆಯ ಇಯತ್ತೆಯಲ್ಲಿ ಕಲಿಸುವ ಬಾಯಿಯವರ ಹೆಜ್ಜೆಯ ಸಪ್ಪಳ ಕೇಳಿದರೆ ಉಸಿರಿನ ಸದ್ದೂ ಇರುವುದಿಲ್ಲ. ಹೋದ ತಿಂಗಳು ತಪಾಸಣೆಗೆ ಬಂದ ಸಾಹೇಬರು ನಾಲ್ಕನೆಯದನ್ನೇ ಹೊಗಳಿ ಬರೆದು ಹೋದರು. ಮುಂದಿನ ಸಾಲಿನ ಹುಡುಗಿ ಅಂಗೈ ಮುಚ್ಚಿಕೊಂಡು ಕೂತಿದ್ದಳು. ಅದನ್ನು ಅವರು ನೋಡಲಿಲ್ಲ.

ನಿನಗೆ ಹೆಂಡತಿಯಿಲ್ಲ, ಸಂಸಾರವಿಲ್ಲ. ಮನೆಯೊಳಗಿನ ಸಂಗತಿ ಅಂಗಡಿಯಲ್ಲಿ ಕಾಣುವುದಿಲ್ಲ ತಮ್ಮ. ನಿಧಾನವಾಗಿ ನೋಡು.

ಚನ್ನಬಸವ್ವ


ಪುಣೆ
೫ ಡಿಸೆಂಬರ್ ೧೯೩೬

ಅಕ್ಕನಿಗೆ ಶರಣು.

ನೀನು ಮಾಸ್ತರಿಕೆ ಬಿಟ್ಟು ಫೌಜದಾರಿಕೆ ಹಿಡಿಯಬೇಕಿತ್ತು. ಜಗಳ, ಗದರಿಕೆ ನೋಡಬೇಕೆಂದರೆ ನಾನಿರುವ ವಾಡೆಗೆ ಬಾ, ನಳದ ಹತ್ತಿರ ದಿನಾ ಬೆಳಿಗ್ಗೆ ನಡೆಯುತ್ತದೆ. ಶಾಂತವಾಗಿರುವ ಒಂದು ಮನೆ ಸಿಕ್ಕಿದರೆ ಅದರಲ್ಲೂ ಹುಳುಕು ಹುಡುಕುತ್ತೀಯಲ್ಲ.

ಮೊದಲಿನವಳು ಜ್ವರದಿಂದ ಹೋದಳು. ನಿಜಲಿಂಗಪ್ಪನವರೇ ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿದವು. ನಾನು ದಿನಕ್ಕೆ ನೂರು ಮುಖ ನೋಡುವವನು, ಸುಳ್ಳು ಕಣ್ಣೀರು ನನಗೆ ತಿಳಿಯುತ್ತದೆ. ಅದು ಸುಳ್ಳಾಗಿರಲಿಲ್ಲ.

ಇನ್ನೊಂದು ಮಾತು. ಸಿಟ್ಟಾಗಬೇಡ. ನಾನು ಆಗಲೇ ಅವರಿಗೆ ಹೂಂ ಎಂದಿದ್ದೇನೆ. ತಂದೆಯಿಲ್ಲದ ಹುಡುಗಿಗೆ ಸೋದರಮಾವನ ಮಾತೇ ಮಾತು ಎಂದು ಅವರೂ ಒಪ್ಪಿದರು. ಮಾಘ ಮಾಸದಲ್ಲಿ ಮುಹೂರ್ತ ಇದೆ.

ಶಿವಪುತ್ರ


ಪುಣೆ
೨೦ ಏಪ್ರಿಲ್ ೧೯೩೭

ಅಕ್ಕನಿಗೆ ಶರಣು.

ಮದುವೆಯಾಗಿ ಎರಡು ತಿಂಗಳ ಮೇಲಾಯಿತು, ನೀನು ನನ್ನನ್ನು ಒಮ್ಮೆಯೂ ಹೊಗಳಲಿಲ್ಲ. ನಿನ್ನೆ ಸಾವಂತ್ರಿಯ ಮನೆಗೆ ಹೋಗಿದ್ದೆ, ನಾನೇ ಹೇಳಿಬಿಡುತ್ತೇನೆ. ನಿನ್ನ ಮಗಳನ್ನು ನೀನು ಗುರುತು ಹಿಡಿಯಲಾರೆ.

ನಾನು ಹೊಸ್ತಿಲು ದಾಟಿ ಕೂಡುವುದರೊಳಗೆ ನೀರು ಬಂತು. ಬೆನ್ನಿಗೆ ದಿಂಬು ಬೇಕೆಂದುಕೊಂಡೆ, ದಿಂಬು ಬಂತು. ಎಲೆಯಡಿಕೆಯ ತಟ್ಟೆಯನ್ನು ಎಡಗಡೆ ಇಟ್ಟಳು. ನಾನು ಎಡಗೈಯವನೆಂದು ನನಗೇ ಮರೆತಿತ್ತು. ಹಾಲು ಉಕ್ಕಿಸುವ ಹುಡುಗಿ ಇವಳೇನಾ ಎಂದು ನಾನೇ ಬೆರಗಾದೆ. ಒಂದು ಹಾಡು ಹೇಳು ಎಂದೆ, ನಕ್ಕು ಸುಮ್ಮನಾದಳು. ದೊಡ್ಡವಳಾಗಿದ್ದಾಳೆ.

ನಿನಗೆ ಖುಷಿಯಾಗುವ ಒಂದು ಸಂಗತಿ ಬರೆಯುತ್ತೇನೆ. ಮಾತಾಡುತ್ತ ಕೂತಿದ್ದೆವು. ನನಗೆ ಏನೂ ಕೇಳಿಸಿರಲಿಲ್ಲ, ಇವಳು ತಟ್ಟನೆ ತಲೆಯೆತ್ತಿದಳು. ಕೆಳಗೆ ಗಂಡ ಚಪ್ಪಲಿ ಬಿಟ್ಟಿದ್ದರು. ಇವಳು ಅತ್ತೆಯ ಕಡೆ ತಿರುಗಿ ಮೆಲ್ಲಗೆ, “ಇವತ್ತ ಛಲೋ ಅದಾರ” ಎಂದಳು. ಕಲ್ಲವ್ವನವರು ಉಸಿರು ಬಿಟ್ಟು ಒಲೆಯ ಕಡೆ ಹೋದರು. ಎರಡೇ ತಿಂಗಳಲ್ಲಿ ಗಂಡನ ಮನಸ್ಸು ಹೆಜ್ಜೆಯಲ್ಲೇ ತಿಳಿಯುವಷ್ಟು ಒಲವು. ನನಗಂತೂ ಹೊಟ್ಟೆ ತಣ್ಣಗಾಯಿತು.

ಎಡಗೈಗೆ ಬಳೆ ಇರಲಿಲ್ಲ. ನಳದ ಕಟ್ಟೆಗೆ ತಾಗಿ ಒಡೆದವಂತೆ. ಮುಂದಿನ ಸಲ ನಾನೇ ಹಸಿರು ಬಳೆ ಒಯ್ದು ಕೊಡುತ್ತೇನೆ.

ಶಿವಪುತ್ರ


ಬೈಲಹೊಂಗಲ
೨೯ ಏಪ್ರಿಲ್ ೧೯೩೭

ಶಿವಪುತ್ರನಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ನನಗೆ ಅನ್ನ ಸೇರಲಿಲ್ಲ.

ನನ್ನ ಮಗಳಿಗೆ ಬೇರೆಯವರ ಮನಸ್ಸು ತಿಳಿಯುತ್ತಿರಲಿಲ್ಲ. ನಾನು ತಲೆನೋವೆಂದು ಮಲಗಿದರೆ ಪಕ್ಕದಲ್ಲೇ ಕೂತು ಹಾಡುತ್ತಿದ್ದಳು. ಬೈದರೆ ಐದು ನಿಮಿಷಕ್ಕೆ ಮರೆಯುತ್ತಿದ್ದಳು. ಆ ಭಾಗ್ಯ ಅವಳಿಗಿತ್ತು, ಯಾಕೆಂದರೆ ಈ ಮನೆಯಲ್ಲಿ ಯಾರ ಮನಸ್ಸನ್ನೂ ಕಾಯುವ ಗರಜು ಅವಳಿಗೆ ಇರಲಿಲ್ಲ. ಹದಿನೇಳು ವರ್ಷ ಬಾರದ್ದನ್ನು ಎರಡು ತಿಂಗಳಲ್ಲಿ ಕಲಿತಿದ್ದಾಳೆ. ಯಾರು ಕಲಿಸಿದರು, ಹೇಗೆ ಕಲಿಸಿದರು?

‘ಇವತ್ತ ಛಲೋ ಅದಾರ’ ಎಂದಳಲ್ಲ, ಛಲೋ ಇಲ್ಲದ ದಿನ ಏನಾಗುತ್ತದೆ ಎಂದು ನೀನು ಯಾಕೆ ಕೇಳಲಿಲ್ಲ? ಕಲ್ಲವ್ವ ಉಸಿರು ಬಿಟ್ಟರು ಎಂದು ಬರೆದಿದ್ದೀಯ. ಅಲ್ಲಿಯವರೆಗೆ ಹಿಡಿದುಕೊಂಡಿದ್ದರು ತಮ್ಮ. ಕಟ್ಟೆಗೆ ತಾಗಿದರೆ ಒಂದೆರಡು ಬಳೆ ಒಡೆಯುತ್ತವೆ. ಕೈತುಂಬ ಇದ್ದ ಅಷ್ಟೂ ಬಳೆ ಒಡೆಯಬೇಕಾದರೆ ಯಾರೋ ಮಣಿಕಟ್ಟು ಹಿಡಿದಿರಬೇಕು.

ನೀನು ಜನರಿಗೆ ಏನು ಬೇಕು ಎಂಬುದನ್ನು ಓದುತ್ತೀಯ. ಯಾವುದಕ್ಕೆ ಅಂಜಿದ್ದಾರೆ ಎಂಬುದನ್ನು ಓದುವ ಪ್ರಸಂಗ ನಿನಗೆ ಬಂದಿಲ್ಲ. ತಪ್ಪು ನಿನ್ನದೊಂದೇ ಅಲ್ಲ. ನಾಲ್ಕನೆಯ ಇಯತ್ತೆಯ ಸಂಗತಿ ಬರೆದ ಕೈಯಿಂದಲೇ ನಾನು ಮದುವೆಗೆ ಒಪ್ಪಿಗೆಯನ್ನೂ ಬರೆದೆ.

ಚನ್ನಬಸವ್ವ


ಬೈಲಹೊಂಗಲ
೨೨ ಜುಲೈ ೧೯೩೭

ಶಿವಪುತ್ರನಿಗೆ ಆಶೀರ್ವಾದ.

ಮೂರು ತಿಂಗಳಾಯಿತು ನೀನು ಬರೆದು. ನನ್ನ ಮೇಲೆ ಮುನಿಸಿದೆ ಎಂದು ತಿಳಿಯಿತು. ಮುನಿಸು ಇರಲಿ, ಕೆಲಸ ಮಾಡು.

ನಾಗರಪಂಚಮಿ ಹತ್ತಿರ ಬಂತು. ಮೊದಲ ಪಂಚಮಿಗೆ ಮಗಳನ್ನು ತವರಿಗೆ ಕಳಿಸಲು ಯಾರೂ ಇಲ್ಲವೆನ್ನುವುದಿಲ್ಲ. ನೀನು ಸೋದರಮಾವ, ಕರೆಯಲು ಹೋಗು. ಹಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನು. ಅದರ ಮೇಲೆ ಒಂದು ಅಕ್ಷರವೂ ಆಡಬೇಡ. ನನ್ನ ಸಂಶಯ ನಿನ್ನ ಹೊಟ್ಟೆಯಲ್ಲೇ ಇರಲಿ.

ಚನ್ನಬಸವ್ವ


ಪುಣೆ
೧೪ ಆಗಸ್ಟ್ ೧೯೩೭

ಅಕ್ಕನಿಗೆ ಶರಣು.

ಸಾವಂತ್ರಿಯನ್ನು ಕಳಿಸಲಾಗಲಿಲ್ಲ, ಅವಳಿಗೆ ಜ್ವರ. ಆದರೆ ಎಲ್ಲ ಸರಿಹೋಗಿದೆ, ಸಮಾಧಾನದಿಂದ ಓದು.

ನೀನು ಹೇಳಿದಂತೆ ಹಬ್ಬದ ಮಾತಷ್ಟೇ ಆಡಿದೆ. ನಿಜಲಿಂಗಪ್ಪನವರು ನನ್ನನ್ನೇ ನೋಡುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ, “ಮಾವನವರ ಮನಸಿನ್ಯಾಗ ಇನ್ನೂ ಏನೋ ಅದ, ಹೇಳ್ರಿ, ನಾ ಬ್ಯಾಸರ ಮಾಡಿಕೊಳ್ಳಂಗಿಲ್ಲ” ಎಂದರು. ಎಷ್ಟು ಮೃದುವಾಗಿ ಕೇಳಿದರೆಂದರೆ ನನಗೆ ಮುಚ್ಚಿಡುವುದೇ ಪಾಪವೆನಿಸಿತು. ನೇರ ಕೇಳಿದರೆ ಮುಖದಲ್ಲೇ ನಿಜ ಕಾಣುತ್ತದೆ ಎಂಬುದು ನನ್ನ ಅನುಭವ. ನಿನ್ನ ಸಂಶಯವನ್ನು, ಬಳೆಯ ಮಾತನ್ನು, ಎಲ್ಲವನ್ನೂ ಹೇಳಿಬಿಟ್ಟೆ.

ಅವರಿಗೆ ಸಿಟ್ಟು ಬರಲಿಲ್ಲ. ಬಹಳ ನೊಂದುಕೊಂಡರು. ತಾಯಿಯ ಕರುಳು ಹಾಗೇ ಇರುತ್ತದೆ ಎಂದರು. ನನಗೆ ಒತ್ತಾಯ ಮಾಡಿ ಹೋಳಿಗೆ ಬಡಿಸಿದರು. ಇನ್ನು ಮೇಲೆ ನಿನ್ನ ಪತ್ರಗಳನ್ನು ತಾವೇ ಸಾವಂತ್ರಿಗೆ ಓದಿ ಹೇಳುತ್ತಾರಂತೆ, ನಡುವೆ ತಪ್ಪು ತಿಳಿವಳಿಕೆ ಬಾರದಿರಲಿ ಎಂದು. ಅವಳನ್ನು ನೋಡಲಾಗಲಿಲ್ಲ, ಮಾಳಿಗೆಯಲ್ಲಿ ಮಲಗಿದ್ದಳು.

ಶಿವಪುತ್ರ


ಬೈಲಹೊಂಗಲ
೨೩ ಆಗಸ್ಟ್ ೧೯೩೭

ಶಿವಪುತ್ರ,

ಸಾವಂತ್ರಿಯ ಕಾರ್ಡು ಬಂದಿದೆ. ಅಕ್ಷರ ಅವಳದೇ, ಮಾತು ಅವಳದಲ್ಲ. ‘ನಾನು ಪರಮ ಸುಖದಲ್ಲಿದ್ದೇನೆ, ನೀವು ನನ್ನ ಸಂಸಾರದ ಚಿಂತೆ ಮಾಡತಕ್ಕದ್ದಲ್ಲ’ ಎಂದು ಬರೆದಿದ್ದಾಳೆ. ಅವಳು ನನ್ನನ್ನು ಎಂದಾದರೂ ನೀವು ಎಂದದ್ದುಂಟೇ?

ಮೊದಲಿನವಳಿಗೂ ಜ್ವರವೇ ಬಂದಿತ್ತೆಂದು ನೀನೇ ಬರೆದಿದ್ದೆ. ಅವನು ಅಂಗಡಿಗೆ ಹೋದ ಹೊತ್ತು ನೋಡಿ ಮನೆಗೆ ಹೋಗು. ಅವಳನ್ನು ನೋಡು. ಏನೂ ಕೇಳಬೇಡ, ಸುಮ್ಮನೆ ನೋಡು.

ಅಕ್ಕ


ಪುಣೆ
೬ ಸೆಪ್ಟೆಂಬರ್ ೧೯೩೭

ಅಕ್ಕಾ,

ಹೋಗಿದ್ದೆ. ಹೇಗೆ ಬರೆಯಲಿ ಎಂದು ಮೂರು ದಿನದಿಂದ ಕೂತಿದ್ದೇನೆ.

ಬಾಗಿಲಲ್ಲೇ ಮಲಕಪ್ಪ ಸಿಕ್ಕ. ಕೆಳಗಿನ ಮೆಟ್ಟಿಲಿನ ಮೇಲೆ ಕೂತಿದ್ದ. ಅತ್ತಿಗೆಯ ಜ್ವರ ಹೇಗಿದೆ ಎಂದೆ. ಅವನು ಬೀದಿಯ ಕಡೆ ಒಮ್ಮೆ ನೋಡಿ, “ಮೊದಲಿನ ವೈನಿ ಈ ಪಾವಟಿಗಿ ಮ್ಯಾಲಿಂದನ ಬಿದ್ದರು. ಜ್ವರ ಬಂದಿರಲಿಲ್ಲ” ಎಂದ. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹೊರಗೆ ನಡೆದುಬಿಟ್ಟ.

ಸಾವಂತ್ರಿ ಮಾಳಿಗೆಯಲ್ಲಿದ್ದಳು. ಗೋಡೆಗೆ ಬೆನ್ನು ಹಚ್ಚಿ ಬಾಗಿಲಿಗೆ ಎದುರಾಗಿ ಕೂತಿದ್ದಳು. ಕೆನ್ನೆಯ ಮೂಳೆ ಎದ್ದಿದೆ. ಕಿವಿಯ ಹಿಂದೆ ಹಳದಿ ತಿರುಗಿದ ಕಂದು ಕಲೆ ಇದೆ, ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಒಯ್ದ ಬಳೆಗಳನ್ನು ನೋಡಿ, ಸಪ್ಪಳ ಮಾಡುತ್ತವೆ, ಬೇಡ ಎಂದಳು. ಇಷ್ಟು ದಿನ ನಾನು ಪ್ರೀತಿಯೆಂದು ಓದಿದ್ದೆಲ್ಲ ಅಂಜಿಕೆ ಅಕ್ಕ. ಆ ತಂಬಿಗೆ, ಆ ಕಿಟಕಿ, ಆ ನೇರಳೆ ಸೀರೆ, ಎಲ್ಲವೂ. ಕಲ್ಲವ್ವ ಎಷ್ಟೋ ವರ್ಷದಿಂದ ಹಡೆದ ಮಗನಿಗೆ ಅಂಜಿ ಅವನ ಮುಖ ಓದಲು ಕಲಿತಿದ್ದಾರೆ, ಅದಕ್ಕೂ ಮೊದಲು ಅವನ ಅಪ್ಪನಿಗೆ ಅಂಜಿದ್ದರಂತೆ. ನಾನು ಆ ಮನೆಯನ್ನು ಹಾಡಿ ಹೊಗಳಿ ನಿನ್ನ ಮಗಳನ್ನು ಅಲ್ಲಿ ಇಟ್ಟು ಬಂದೆ.

ಪಂಚಮಿಗೆ ಕರೆಯಲು ಹೋದ ದಿನ ನನಗೆ ಹೋಳಿಗೆ ಬಡಿಸಿ ಕಳಿಸಿದ ಮೇಲೆ ಅವರು ಮಾಳಿಗೆಗೆ ಹೋಗಿದ್ದರು. ಅಂದಿನದೇ ಆ ಕಲೆ. ನಾನು ಆಡಿದ ಮಾತಿನ ಕಲೆ ಅದು.

ಈಗಲೇ ನಡೆ, ನನ್ನ ಜೊತೆ ಬಾ ಎಂದೆ. ಒಪ್ಪಲಿಲ್ಲ. ಸ್ಟೇಷನ್ನು ಮುಟ್ಟುವುದರೊಳಗೆ ಹಿಡಿಯುತ್ತಾರೆ ಎಂದಳು. ಇನ್ನೂ ಒಂದು ಮಾತು ಹೇಳಿದಳು. ಅದನ್ನು ನಾನು ಬರೆಯುವುದಿಲ್ಲ.

ಬರುವ ಸೋಮವತಿ ಅಮಾವಾಸ್ಯೆಗೆ ಜೇಜುರಿಗೆ ಖಂಡೋಬನ ದರ್ಶನಕ್ಕೆ ಹೋಗುವುದು ಆ ಮನೆಯ ಪದ್ಧತಿಯಂತೆ. ಈ ಸಲ ಅವಳನ್ನು ಮಾಳಿಗೆಯಲ್ಲೇ ಬಿಟ್ಟು ಹೋಗುವ ವಿಚಾರವಿದೆ. ಒಬ್ಬಳೇ ಇದ್ದಾಗ ಬಾಗಿಲು ಮುರಿದು ತರಲೇ? ನೀನು ಹೂಂ ಎನ್ನು ಸಾಕು.

ಶಿವಪುತ್ರ


ಬೈಲಹೊಂಗಲ
೧೫ ಸೆಪ್ಟೆಂಬರ್ ೧೯೩೭

ಚಿ. ಶಿವಪುತ್ರನಿಗೆ ಆಶೀರ್ವಾದ.

ಬಾಗಿಲು ಮುರಿಯುವ ಮಾತು ಬೇಡ. ನಾನು ಬಹಳ ವಿಚಾರ ಮಾಡಿದೆ. ಕೊಟ್ಟ ಹೆಣ್ಣು ಅವರ ಮನೆಯವಳು. ಓಡಿಸಿಕೊಂಡು ಬಂದರೆ ಊರಲ್ಲಿ ತಲೆ ಎತ್ತುವಂತಿಲ್ಲ, ನನ್ನ ನೌಕರಿಗೂ ಕುತ್ತು. ಹೆಂಗಸರು ಎಲ್ಲಿಲ್ಲದ ಕಷ್ಟ ಸಹಿಸುತ್ತಾರೆ, ಅವಳೂ ಸಹಿಸಲಿ. ದಿನ ಕಳೆದಂತೆ ಗಂಡನ ಸ್ವಭಾವ ತಿಳಿಯಾಗುತ್ತದೆ.

ನನ್ನ ಹೆಸರಿನಲ್ಲಿ ನಿಜಲಿಂಗಪ್ಪನವರ ಕ್ಷಮೆ ಕೇಳು. ಶಾಲೆಯಲ್ಲಿ ಪರೀಕ್ಷೆಯಿದೆ, ಸಂಕ್ರಾಂತಿಯವರೆಗೆ ನಾನು ಪುಣೆಗೆ ಬರಲಾರೆ ಎಂದು ಹೇಳು. ಒಂದೇ ಬೇಡಿಕೆ. ಅವಳ ಮದುವೆಗೆಂದು ಮೈಲಾರಲಿಂಗನಿಗೆ ನಾನು ಹರಕೆ ಹೊತ್ತಿದ್ದೆ. ಜೇಜುರಿಯ ಖಂಡೋಬನೂ ಅವನೇ. ಅವಳನ್ನೂ ಕರೆದೊಯ್ದು ಅರಿಸಿನದ ಭಂಡಾರ ಹಾರಿಸಿ ಹರಕೆ ತೀರಿಸಲಿ. ಹರಕೆ ಉಳಿದರೆ ಅವರ ಮನೆಗೂ ಒಳ್ಳೆಯದಲ್ಲ.

ಈ ಪತ್ರವನ್ನೇ ಅವರಿಗೆ ತೋರಿಸು.

ಚನ್ನಬಸವ್ವ


ಪುಣೆ
೨೬ ಸೆಪ್ಟೆಂಬರ್ ೧೯೩೭

ಚನ್ನಬಸವ್ವನವರಿಗೆ,

ಅಕ್ಕ ಎಂದು ಬರೆಯಲು ಕೈ ಏಳುತ್ತಿಲ್ಲ.

ಮುಚ್ಚಿದ ಅಂಗೈಯನ್ನು ಕಂಡವಳು ನೀನೇನಾ? ಬಳೆ ಹೇಗೆ ಒಡೆದವೆಂದು ಎಂಬತ್ತು ಹರದಾರಿ ದೂರದಿಂದ ತಿಳಿದವಳು ನೀನೇನಾ? ನಾನು ಮೂರ್ಖ, ಒಪ್ಪಿದೆ. ಕಾಣಲಿಲ್ಲ. ನೀನು ಕಂಡೂ ನೌಕರಿಯ ಮಾತು ಬರೆದೆ.

ಹೇಳಿದಂತೆ ಮಾಡಿದ್ದೇನೆ. ಪತ್ರ ಅವರ ಕೈಗೆ ಕೊಟ್ಟೆ. ತಲೆ ಎತ್ತಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ಪತ್ರವನ್ನು ಒಮ್ಮೆ ಓದಿ ಬದಿಗಿಟ್ಟು ನನ್ನ ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ತಟ್ಟಿ, “ಆತು ಬಿಡ್ರಿ ಮಾವನವರ, ಕರಕೊಂಡು ಹೋಗೂಣು” ಎಂದರು. ಅವರಿಗೆ ಇಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ.

ನಿನ್ನ ಹರಕೆ ತೀರುತ್ತದೆ. ಇನ್ನು ನನಗೆ ಬರೆಯಬೇಡ.

ಶಿವಪುತ್ರಪ್ಪ


ಊರಿನ ಹೆಸರು ಬರೆಯುವುದಿಲ್ಲ
೭ ಅಕ್ಟೋಬರ್ ೧೯೩೭

ತಮ್ಮ ಶಿವಪುತ್ರ,

ಸಾವಂತ್ರಿ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಇದನ್ನು ಮೊದಲು ಓದಿ ನಿನ್ನ ಉಸಿರು ಸರಿಯಾಗಲಿ, ಮುಂದಿನದು ಆಮೇಲೆ.

ಹೋದ ಪತ್ರದಲ್ಲಿ ನಾನು ಬರೆದ ಒಂದು ಮಾತೂ ನಿಜವಲ್ಲ. ಅವನು ಕಾಗದವನ್ನು ನಂಬುವವನಲ್ಲ, ಮುಖವನ್ನು ನಂಬುವವನು. ಬಾಗಿಲು ಮುರಿಯುವ ವಿಚಾರವನ್ನೂ ನಿನ್ನ ಮುಖದಲ್ಲೇ ಓದಿಬಿಡುತ್ತಿದ್ದ. ಅದಕ್ಕೇ ನಿನಗೆ ಸುಳ್ಳು ಬರೆದೆ. ನೀನು ನನ್ನನ್ನು ಹೇಸಿಕೊಂಡರೆ ಮಾತ್ರ ಅವನು ನಂಬುತ್ತಾನೆಂದು ಗೊತ್ತಿತ್ತು. ನಿನ್ನ ಸಿಟ್ಟಿನ ಪತ್ರ ಓದಿ ಅತ್ತೆ, ಕೆಲಸವಾಯಿತೆಂದು ತಿಳಿದು ಗಂಟು ಕಟ್ಟಿದೆ. ನಿನ್ನ ಒಳ್ಳೆಯತನವನ್ನು ಹೀಗೆ ಬಳಸಿಕೊಂಡದ್ದಕ್ಕೆ ಕ್ಷಮಿಸು.

ನಮ್ಮ ಕಡೆಯಿಂದ ಜೇಜುರಿಗೆ ಹೊರಟಿದ್ದ ಹೆಂಗಸರ ಜೊತೆ ಹೋದೆ. ಸೋಮವಾರ ಪಾಲಕಿ ಗುಡ್ಡ ಇಳಿಯುವಾಗ ಭಂಡಾರ ಹಾರಿ ಎಲ್ಲರ ಮುಖವೂ ಹಳದಿಯಾಗಿತ್ತು. ಯಾರ ಮುಖದಲ್ಲೂ ಓದುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ನನ್ನಿಂದ ಎರಡು ಮಾರು ದೂರದಲ್ಲಿದ್ದ, ನನ್ನನ್ನು ನೋಡಿದ, ಗುರುತು ಹತ್ತಲಿಲ್ಲ. ಪಾಲಕಿಗೆ ಕೈ ಮುಟ್ಟಿಸಲು ಮುಂದೆ ನುಗ್ಗಿದ. ನಾನು ಹಿಂದಿನಿಂದ ಮಗಳ ಕೈ ಹಿಡಿದೆ. ಅವಳು ಕೂಗಲಿಲ್ಲ, ತಿರುಗಿಯೂ ನೋಡಲಿಲ್ಲ. ನನ್ನ ಕೈಯೆಂದು ತಿಳಿದು ಬೆರಳು ಬಿಗಿ ಹಿಡಿದಳು ಅಷ್ಟೇ. ಆ ಮನೆ ಕಲಿಸಿದ್ದು ಆ ಒಂದು ಗಳಿಗೆಗೆ ಉಪಯೋಗಕ್ಕೆ ಬಂತು.

ಇನ್ನೊಂದು ಕೈ ಕಲ್ಲವ್ವನ ಕೈಯಲ್ಲಿತ್ತು. ಅವರು ನನ್ನನ್ನು ನೋಡಿದರು. ಭಂಡಾರದ ಒಳಗಿಂದಲೂ ಅವರು ಓದಿದರು ತಮ್ಮ. “ಲಗೂ ಹೋಗ್ರಿ. ಕಣ್ಣಾಗ ಭಂಡಾರ ಬಿತ್ತು, ಕಾಣಲಿಲ್ಲ ಅಂತೀನಿ” ಎಂದು ಕೈ ಬಿಟ್ಟರು. ನೀವೂ ಬನ್ನಿ ಎಂದೆ. ಬೇಡವೆಂದು ತಲೆಯಾಡಿಸಿದರು.

ಮಧ್ಯಾಹ್ನದ ಗಾಡಿಗೆ ಹೊರಟೆವು. ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಬಂದಿದ್ದೆ. ನಾವಿರುವ ಊರು ಯಾವುದೆಂದು ಕೇಳಬೇಡ. ಬರೆಯಬೇಕೆನಿಸಿದರೆ ಬೈಲಹೊಂಗಲಕ್ಕೆ, ನನ್ನ ಜೊತೆ ಕಲಿಸುತ್ತಿದ್ದ ನೀರಜಾಬಾಯಿಯವರ ಹೆಸರಿಗೆ ಹಾಕು. ಅವರು ಮುಟ್ಟಿಸುತ್ತಾರೆ. ಇದನ್ನು ಓದಿ ಒಲೆಗೆ ಹಾಕು.

ನಿನ್ನ ಅಕ್ಕ


ಪುಣೆ
೨೪ ಅಕ್ಟೋಬರ್ ೧೯೩೭, ರವಿವಾರ

ನನ್ನ ಅಕ್ಕನಿಗೆ ಶಿವಪುತ್ರನ ಸಾವಿರ ಶರಣು.

ಇವತ್ತು ಅಂಗಡಿ ಮುಚ್ಚಿದೆ. ಸ್ಟೇಷನ್ನಿನ ಬಾಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಯೇ ಡಬ್ಬಿಗೆ ಹಾಕುತ್ತೇನೆ.

ನಿನ್ನ ಪತ್ರ ಓದಿ ಸುಟ್ಟೆ. ಸುಡುವಾಗ ಅತ್ತೆ, ನಕ್ಕೆ, ಅಕ್ಕಪಕ್ಕದವರು ಹುಚ್ಚು ಹಿಡಿಯಿತೆಂದುಕೊಂಡರು. ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ದಿನ ಮಾಳಿಗೆಯಲ್ಲಿ ಸಾವಂತ್ರಿ ಹೇಳಿದ್ದು, ನಾನು ಬರೆಯಲಾರೆ ಎಂದದ್ದು, ಇದು: “ಮಾಮಾ, ಅವ್ವ ಏನರ ಮಾಡೂದಿದ್ರ ನಿನಗ ಹೇಳಬ್ಯಾಡ ಅಂತ ಹೇಳು. ನಿನ್ನ ಮಾರಿ ಮ್ಯಾಲ ಎಲ್ಲಾ ಕಾಣತೈತಿ.” ಜನರ ಮುಖ ಓದುತ್ತೇನೆಂದು ಮೆರೆದವನಿಗೆ ಅದನ್ನು ನಿನಗೆ ತಿಳಿಸಲು ನಾಚಿಕೆಯಾಯಿತು. ಮುಚ್ಚಿಟ್ಟೆ. ನಾನು ಮುಚ್ಚಿಟ್ಟರೂ ನೀನು ತಿಳಿದುಕೊಂಡೆ. ಇಲ್ಲದಿದ್ದರೆ ನನ್ನ ಗರ್ವಕ್ಕೆ ಆ ಹುಡುಗಿ ಎರಡನೆಯ ಸಲ ಬಲಿಯಾಗುತ್ತಿದ್ದಳು.

ಅಮಾವಾಸ್ಯೆಯ ಮರುದಿನ ನಿಜಲಿಂಗಪ್ಪ ಅಂಗಡಿಗೆ ಬಂದ. ಎಲ್ಲಿ ಅದಾಳ್ರಿ ಎಂದು ಒಂದೇ ಸಲ ಕೇಳಿದ. ನನಗೆ ಏನೂ ಗೊತ್ತಿರಲಿಲ್ಲ, ಓಡಿಹೋದಳೆಂಬುದೇ ಆಗ ತಿಳಿದದ್ದು. ಅವನು ನನ್ನ ಮುಖ ನೋಡಿ, ಇಲ್ಲ, ಇವರಿಗೆ ಗೊತ್ತಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಟುಹೋದ. ವಕೀಲರನ್ನು ಕಂಡಿದ್ದಾನೆ. ಬೈಲಹೊಂಗಲಕ್ಕೂ ಹೋಗಿಬಂದ.

ಕಲ್ಲವ್ವ ಮೆಟ್ಟಿಲಿನಿಂದ ಬಿದ್ದು ಕೈ ಮುರಿದಿದೆಯಂತೆ. ನಿನ್ನ ಪತ್ರ ಬಂದ ಮರುದಿನ ಮಲಕಪ್ಪ ಪಟ್ಟಿ ಹಾಕಿಸಲು ಕರೆದೊಯ್ಯುವುದನ್ನು ದಾರಿಯಲ್ಲಿ ಕಂಡೆ. ಅವರು ನನ್ನನ್ನು ನೋಡಿದರು. ಅವಳು ಕ್ಷೇಮ ಎಂದು ನನ್ನ ಮುಖ ಹೇಳಿರಬೇಕು, ಸೆರಗು ಸರಿಮಾಡಿಕೊಂಡು ಸುಮ್ಮನೆ ನಡೆದರು.

ದಸರೆಯ ದಿನ ಅವನು ಮತ್ತೆ ಬಂದ. ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎಂದ. ಎಲೆ ಕೊಟ್ಟವನು ನನ್ನ ಎರಡೂ ಕೈ ಹಿಡಿದುಕೊಂಡ, ಬಿಡಲಿಲ್ಲ. ನಿನ್ನ ಪತ್ರ ಬಂದು ಮೂರು ದಿನವಾಗಿತ್ತು ಅಕ್ಕ. ನಾನು ಬಹಳ ಪ್ರಯತ್ನಪಟ್ಟೆ. ದೇವರನ್ನು ನೆನೆದೆ, ಸತ್ತ ಅಪ್ಪನನ್ನು ನೆನೆದೆ, ಅಂಗಡಿಯ ಸೀರೆಗಳನ್ನು ಎಣಿಸಿದೆ. ಅವನು ನಿಧಾನವಾಗಿ ನಕ್ಕು, “ಸುದ್ದಿ ಬಂದದ” ಎಂದ.

ಅಂದಿನಿಂದ ದಿನಾ ಹತ್ತೂವರೆಗೆ ಬರುತ್ತಾನೆ. ನನ್ನ ಎದುರಿಗೇ ಗಾದಿಯ ಮೇಲೆ ಕೂಡುತ್ತಾನೆ. ಹಳೆಯ ಗಿರಾಕಿಯೆಂದು ನಮ್ಮ ಸಾವಕಾರರು ಚಹಾ ತರಿಸುತ್ತಾರೆ. ಹನ್ನೊಂದಕ್ಕೆ ಅಂಚೆಯವನು ಬರುತ್ತಾನೆ. ಅವನ ಕೈಯಲ್ಲಿ ಏನಿದೆಯೆಂದು ನಿಜಲಿಂಗಪ್ಪ ನೋಡುವುದಿಲ್ಲ. ನನ್ನನ್ನು ನೋಡುತ್ತಾನೆ. ಅಂಚೆಯವನು ಹೋದ ಮೇಲೆ ಎದ್ದು, ನಾಳೆ ಬರುತ್ತೇನೆ ಎಂದು ಹೇಳಿ ಹೋಗುತ್ತಾನೆ. ಅವನಿಗೆ ಆತುರವಿಲ್ಲ. ಮನೆಯಲ್ಲಿ ಎಲ್ಲರಿಂದಲೂ ಹೀಗೇ ಎಲ್ಲವನ್ನೂ ಹೊರಡಿಸಿದ್ದಾನೆ.

ಬೇರೆಯವರ ಹೆಸರಿನಲ್ಲಿ ಬರೆಯುತ್ತೇನೆ, ಬೇರೆ ವಿಳಾಸಕ್ಕೆ ಹಾಕುತ್ತೇನೆ ಎಂದು ನೀನು ಯೋಚಿಸುತ್ತೀಯ. ಉಪಯೋಗವಿಲ್ಲ. ಎಲ್ಲಿ ಓದಿದರೂ ನಾನು ಈ ಮುಖವನ್ನೇ ಹೊತ್ತು ಮರುದಿನ ಅಂಗಡಿಗೆ ಬರಬೇಕು. ಪುಣೆ ಬಿಟ್ಟರೆ ಅವನು ಹಿಂದೆ ಬರುತ್ತಾನೆ, ನಾನು ನಿಮ್ಮ ಕಡೆಗೇ ಹೊರಟಿದ್ದೇನೆಂದು ಅವನಿಗೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲೇ ಇರುತ್ತೇನೆ. ಅವನು ನನ್ನ ಎದುರಿಗೆ ಕೂತಿರುವಷ್ಟು ದಿನ ನಿಮ್ಮ ಊರಲ್ಲಿ ಇರುವುದಿಲ್ಲ.

ನೀರಜಾಬಾಯಿಯವರ ಹೆಸರಿಗೂ ಇನ್ನು ನಾನು ಬರೆಯುವುದಿಲ್ಲ. ಸಾವಂತ್ರಿಗೆ ನಿದ್ದೆ ಬರುತ್ತದೆಯೇ, ಊಟ ಮಾಡುತ್ತಾಳೆಯೇ, ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತಾಳೆಯೇ ಎಂದು ಕೇಳುವುದಕ್ಕೆ ಈ ಹಾಳೆ ತೆಗೆದುಕೊಂಡಿದ್ದೆ. ಕೇಳುವುದಿಲ್ಲ. ನನಗೆ ನೀವಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ನಿನಗೆ ಗೊತ್ತು. ಸುಖವಾಗಿದ್ದರೂ ತಿಳಿಸಬೇಡ, ಕಷ್ಟವಿದ್ದರೂ ತಿಳಿಸಬೇಡ. ನಿಮ್ಮಿಬ್ಬರಲ್ಲಿ ಯಾರಾದರೂ ಸತ್ತರೂ ತಿಳಿಸಬೇಡ.

ನಾಳೆ ಸೋಮವಾರ, ಹತ್ತೂವರೆಗೆ ಅವನು ಬರುತ್ತಾನೆ. ಈ ಪತ್ರಕ್ಕೆ ಉತ್ತರ ಬರೆಯಬೇಡ ಅಕ್ಕ.

ಶಿವಪುತ್ರ